ಶಾಲಿನ ಕೆಳಗಿನ ಮಾತು

ಫೆಬ್ರವರಿ ಮುಗಿಯುತ್ತ ಬಂದಿತ್ತು. ಕುಸನೂರಿನ ದಿಕ್ಕಿಗೆ, ಪ್ಲಾಟುಗಳ ಕಲ್ಲು ನೆಟ್ಟ ಜಾಗಗಳ ನಡುವೆ ಹೇಗೋ ಉಳಿದುಕೊಂಡಿದ್ದ ಒಂದು ಹೊಲದಲ್ಲಿ ಹೆಂಗಸರು ಬಿಳಿಜೋಳ ಕೀಳುತ್ತಿದ್ದರು. ದಂಟನ್ನು ಬುಡಕ್ಕೆ ಹಿಡಿದು, ಒಂದೇ ಜಗ್ಗಿಗೆ ಬೇರುಸಮೇತ ಎತ್ತಿ, ಕಾಲಿಗೆ ಬಡಿದು ಮಣ್ಣು ಉದುರಿಸಿ, ತೆನೆಗಳೆಲ್ಲ ಒಂದೇ ಕಡೆಗೆ ಬರುವಂತೆ ಮಲಗಿಸಿ ಮುಂದಿನ ದಂಟಿಗೆ ಹೋಗುತ್ತಿದ್ದರು. ಅವಸರವಿಲ್ಲ, ನಿಲ್ಲುವುದೂ ಇಲ್ಲ. ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಏಣಿಯ ಮೇಲೆ ನಿಂತ ನೀಲಕಂಠ ಕಿಟಕಿಯಿಂದ ಅದನ್ನೇ ನೋಡುತ್ತ ಬ್ಯಾನರಿನ ಎಡಗಡೆಯ ಹಗ್ಗವನ್ನು ಮೊಳೆಗೆ ಸುತ್ತುತ್ತಿದ್ದ. ‘ಸಾರ್ವಜನಿಕ ಉಪನ್ಯಾಸ ಸಪ್ತಾಹ’ ಎಂದು ಬ್ಯಾನರಿನಲ್ಲಿತ್ತು. ನಡೆಯುವುದು ಐದೇ ದಿನವಾದರೂ ಸಪ್ತಾಹ. ಪ್ರತಿ ಮುಂಜಾನೆ ಅದೇ ಬ್ಯಾನರಿನ ಮೇಲೆ ಹೊಸ ತಾರೀಖಿನ ಚೀಟಿ ಅಂಟಿಸುವುದು, ಗಾಳಿಗೆ ಅದು ಕಿತ್ತುಬರದಂತೆ ಒತ್ತಿ ಹಿಡಿಯುವುದು ಅವನ ಕೆಲಸ. ಇವತ್ತು ಶುಕ್ರವಾರದ ಚೀಟಿ. ಇವತ್ತಿನ ಆಮಂತ್ರಣದಲ್ಲಿ ಅವನ ಹೆಸರು ಎರಡು ಕಡೆ ಇತ್ತು. ಕೆಳಗೆ, ಎಂದಿನಂತೆ, ‘ವಂದನಾರ್ಪಣೆ: ನೀಲಕಂಠ’. ಅದರ ಮೇಲೆ, ಮೊಟ್ಟಮೊದಲ ಸಲ, ‘ವಿಶೇಷ ಉಪನ್ಯಾಸ: ದನದ ಸಂತೆಯಲ್ಲಿ ಕೈಮಾತು — ನೀಲಕಂಠ, ಕಮಲಾಪುರ. ಇಪ್ಪತ್ತು ನಿಮಿಷ.’ ಹನ್ನೊಂದು ವರ್ಷದಿಂದ ಅವನು ಇಲ್ಲಿ ಅತಿಥಿ ಉಪನ್ಯಾಸಕ. ಯಾವ ಮನೆಯವರೂ ಅತಿಥಿಯನ್ನು ಇಷ್ಟು ವರ್ಷ ಹೊರಗಿನ ಕಟ್ಟೆಯ ಮೇಲೆಯೇ ಕೂಡಿಸಿರಲಿಕ್ಕಿಲ್ಲ. ಆದರೂ ಇಪ್ಪತ್ತು ನಿಮಿಷ ಸಿಕ್ಕಿತ್ತು. ಆ ಇಪ್ಪತ್ತು ನಿಮಿಷವನ್ನು ಅವನು ಒಂದು ವಾರದಿಂದ ಬಾಯಲ್ಲಿ ಅಡಕೆಯಂತೆ ಹೊರಳಿಸುತ್ತಿದ್ದ.

“ನೀಲಕಂಠ, ಬಲಗಡಿ ಸ್ವಲ್ಪ ಮ್ಯಾಲ ಮಾಡ್ರಿ. ಕುಲಪತಿಗಳ ಫೋಟೊ ತಲಿಕೆಳಗ ಆದಂಗ ಕಾಣಾಕತ್ತದ,” ಎಂದು ಕೆಳಗಿನಿಂದ ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಅರುಣಕುಮಾರ ಹೇಳಿದರು. ಫೋಟೊ ನೆಟ್ಟಗೇ ಇತ್ತು. ನೀಲಕಂಠ ಹಗ್ಗವನ್ನು ಬಿಚ್ಚಿ ಮತ್ತೆ ಅಲ್ಲೇ ಕಟ್ಟಿದ. “ಹಾಂ, ಈಗ ಬರೋಬ್ಬರಿ ಆತು,” ಎಂದರು. ಮಾರ್ಚಿನೊಳಗೆ ಅನುದಾನ ಖರ್ಚಾಗಬೇಕು, ಆದ್ದರಿಂದ ಫೆಬ್ರವರಿಯಲ್ಲಿ ಜ್ಞಾನ ಹಂಚಬೇಕು ಎಂಬುದು ಇಲ್ಲಿಯ ಪಂಚಾಂಗ. ಸೋಮವಾರ ಬಂದವರು ತಮ್ಮ ವಿಷಯ ಬಿಟ್ಟು ಉಳಿದೆಲ್ಲ ವಿಷಯ ಮಾತಾಡಿದರು. ಮಂಗಳವಾರದವರು ಹೋದ ವರ್ಷ ಬೇರೆ ಊರಲ್ಲಿ ಓದಿದ ಪ್ರಬಂಧ ತಂದಿದ್ದು, ‘ಧಾರವಾಡದ ಈ ತಂಪು ಹವೆಯಲ್ಲಿ’ ಎಂದು ಕಲಬುರಗಿಯ ಬಿಸಿಲಿನಲ್ಲಿ ಮೂರು ಸಲ ಬೆವರು ಒರೆಸಿಕೊಂಡರು. ಬುಧವಾರದವರು ಉದ್ದುದ್ದ ಭಾಷಣಗಳಿಂದ ಸಮಾಜಕ್ಕೆ ಆಗಿರುವ ಹಾನಿಯನ್ನು ಮಧ್ಯಾಹ್ನದ ಊಟದವರೆಗೆ ವಿವರಿಸಿದರು. ಚುರುಮುರಿಯ ಸುಸಲಾ ಮತ್ತು ಮಿರ್ಚಿಭಜಿಯ ವಾಸನೆ ಬರುವವರೆಗೆ ಹುಡುಗರು ಕೂತಿರುತ್ತಿದ್ದರು, ಬಂದ ಮೇಲೆ ಕುರ್ಚಿಗಳಷ್ಟೇ ಕೂತಿರುತ್ತಿದ್ದವು. ಆ ಕುರ್ಚಿಗಳ ಎದುರು ನಿಂತು ನೀಲಕಂಠ ದಿನಾಲೂ ‘ಇಂದಿನ ಉಪನ್ಯಾಸ ನಮ್ಮೆಲ್ಲರ ಕಣ್ಣು ತೆರೆಸಿತು’ ಎನ್ನುತ್ತಿದ್ದ. ವಾರದಲ್ಲಿ ನಾಲ್ಕು ಸಲ ತೆರೆದ ಕಣ್ಣು ನಡುನಡುವೆ ಯಾವಾಗ ಮುಚ್ಚಿಕೊಳ್ಳುತ್ತಿತ್ತೋ.

“ಸಪ್ತಾಹ ಅಂತೀದಿ, ವೀಣೆ ಯಾರು ಹಿಡಿಯಾಕತ್ತಾರೋ?” ಎಂದು ತಾಯಿ ವಿಮಲಾಬಾಯಿ ಕಮಲಾಪುರದಿಂದ ಫೋನಿನಲ್ಲಿ ಕೇಳಿದ್ದಳು. ಭಜನೆಯ ಸಪ್ತಾಹವಲ್ಲ, ಭಾಷಣದ್ದು ಎಂದು ಅವನು ಹೇಳಿದ್ದ. “ಭಾಷಣದ್ದಾದ್ರೇನು, ಪಾಳಿ ಇರತಾವಲ್ಲ? ನಿನ್ನ ಪಾಳಿ ಯಾವತ್ತು ಅಷ್ಟ ಹೇಳು.” ಊರಿನ ಸಪ್ತಾಹದಲ್ಲಿ ಏಳು ದಿನ ವೀಣೆಯನ್ನು ನೆಲಕ್ಕಿಡುವಂತಿಲ್ಲ. ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತಲೇ ಇರಬೇಕು. ಯಾರೂ ಒಲ್ಲದ ಪಾಳಿ ಯಾವಾಗಲೂ ಅವನ ಅಪ್ಪನಿಗೆ ಬರುತ್ತಿತ್ತು, ಎಲ್ಲರೂ ಉಂಡು ಅಡ್ಡಾದ ಹೊತ್ತಿನದು. ತೂಕಡಿಸುತ್ತ, ತಂತಿಯನ್ನು ಒಂದೇ ಬೆರಳಿನಿಂದ ಮೀಟುತ್ತ, ಕೇಳುವವರಿಲ್ಲದ ಗುಡಿಯಲ್ಲಿ ಅಪ್ಪ ಕಂಬ ಸುತ್ತುತ್ತಿದ್ದ. ವಂದನಾರ್ಪಣೆ ತನಗೆ ಬಂದ ಪಿತ್ರಾರ್ಜಿತ ಎಂದು ನೀಲಕಂಠನಿಗೆ ಆಗಾಗ ಅನಿಸುತ್ತಿತ್ತು. “ಶುಕ್ರವಾರ ಐತವ್ವ ನಂದು. ಬರಾಗ ಕೆಂಪು ಬಾಳಿಹಣ್ಣು ಒಂದು ಬುಟ್ಟಿ ತಗೊಂಬಾ, ಅತಿಥಿಗಳಿಗೆ ಕೊಡೂಣು,” ಎಂದಿದ್ದ. ಬಾ ಎಂದದ್ದು ತಾಯಿಗೋ ಬಾಳೆಹಣ್ಣಿಗೋ ಎಂಬುದು ಫೋನು ಇಟ್ಟ ಮೇಲೆ ಅವನಿಗೇ ಸ್ಪಷ್ಟವಿರಲಿಲ್ಲ.

ಅವಳೊಬ್ಬಳೇ ಬರಲಿಲ್ಲ. ಬಾಗಿಲಲ್ಲಿ ಹಳೆಯ ಸೀರೆ ಹೊದಿಸಿದ ಬುಟ್ಟಿ ಹೊತ್ತ ತಾಯಿಯ ಹಿಂದೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಬಂದೇನವಾಜ್ ಚಾಚಾನನ್ನು ಕಂಡಾಗ ನೀಲಕಂಠನಿಗೆ ಏಣಿಯ ಮೆಟ್ಟಿಲು ತಪ್ಪಿದಂತಾಯಿತು. ಕಮಲಾಪುರದಲ್ಲಿ ಅವರ ಮನೆಯ ಎದುರು ಮನೆಯವನು. ದನದ ದಲ್ಲಾಳಿಯಾಗಿದ್ದು, ಟ್ರ್ಯಾಕ್ಟರುಗಳು ಬಂದ ಮೇಲೆ ಕಟ್ಟೆಯ ಮೇಲೆ ಕೂತವನು. ಹೆಗಲ ಮೇಲೆ ಮಡಿಕೆ ಬಿಡದ ಹೊಸ ಟವೆಲ್ಲು. “ಕ್ಯಾ ಬೇಟಾ, ಹೆದರಿದೇನು? ನಿನ್ನ ಭಾಷಣ ಕೇಳಾಕ ಬಂದೀನಿ. ಹೊಸಾ ಟವೆಲ್ ತಂದೀನಿ ನೋಡು, ಬೇಕಾದ್ರ ತಗೋ.” ನೀಲಕಂಠನ ಕೈ ತಾನಾಗಿಯೇ ಜೇಬಿನಲ್ಲಿದ್ದ ಪೆನ್‌ಡ್ರೈವ್ ಮುಟ್ಟಿ ನೋಡಿತು.

ಹೋದ ದೀಪಾವಳಿಯಲ್ಲಿ ಬೇವಿನ ಗಿಡದ ಕೆಳಗೆ ಚಾಚಾ ಅವನ ಕೈಯನ್ನು ಹಿಡಿದು, ಇಬ್ಬರ ಕೈಗಳ ಮೇಲೂ ಟವೆಲ್ಲು ಎಳೆದು, “ಇದು ನೋಡೂದಲ್ಲ, ಹಿಡಿಯೂದು,” ಎಂದಿದ್ದ. ಸಂತೆಯಲ್ಲಿ ಎತ್ತಿನ ವ್ಯಾಪಾರವೆಲ್ಲ ಹಾಗೆ. ಮೇಲೆ ಬಾಯಿ ಮಳೆ, ಬೆಳೆ, ಬೀಗರ ಸುದ್ದಿ ಮಾತಾಡುತ್ತಿರಬೇಕು. ಕೆಳಗೆ ಬೆರಳುಗಳು ಏರಿಸಿ ಇಳಿಸಿ ಮಾಡುತ್ತಿರಬೇಕು. ಒಪ್ಪಿಗೆಯಾದರೆ ಕೊನೆಯದಾಗಿ ಒಂದು ಒತ್ತು, ಆಮೇಲೆ ಕೈ ಬಿಡುವುದು. ಬಿಟ್ಟ ಮೇಲೆ ಇಬ್ಬರಲ್ಲಿ ಯಾರೂ ಮಾತು ತಿರುಗಿಸುವಂತಿಲ್ಲ. ನೀಲಕಂಠ ಮೂರು ಸಂಜೆ ಕಲಿತ. ಚಾಚಾ ಒಂದೇ ಷರತ್ತು ಹಾಕಿದ್ದ: “ಹೇಳು, ಬರಿ, ಏನರ ಮಾಡು. ಟವೆಲ್ ಮಾತ್ರ ತೆಗೀಬ್ಯಾಡ. ಅದು ರೇಟು ಮುಚ್ಚಾಕಲ್ಲೋ ಬೇಟಾ, ಗರಜು ಮುಚ್ಚಾಕ. ಮನಿಯಾಗ ಮಗಳ ಲಗ್ನ ಐತಿ ಅಂತ ಎತ್ತು ಮಾರಾಕ ಬಂದಿರತಾನ. ಅವನ ಕೈ ನಡಗತದ. ಅದು ಊರಿಗೆಲ್ಲ ಯಾಕ ಕಾಣಬೇಕು?” ನೀಲಕಂಠ ಗೋಣು ಹಾಕಿದ್ದ. ಕಲಬುರಗಿಗೆ ಬಂದು, ಸೇಡಂ ರಸ್ತೆಯ ಬಾಡಿಗೆ ಮನೆಯ ಟ್ಯೂಬ್‌ಲೈಟಿನ ಕೆಳಗೆ ಹೆಂಡತಿ ಅಂಜನಾಳ ಕೈ ಹಿಡಿದು, ಒಂದೊಂದು ಗುರುತನ್ನೂ ಮೊಬೈಲಿನಲ್ಲಿ ಫೋಟೊ ತೆಗೆದ. ಟವೆಲ್ಲಿಲ್ಲದೆ, ಅಡಿಯಲ್ಲಿ ಅರ್ಥ ಬರೆದು, ಬಾಣದ ಗುರುತು ಹಾಕಿ. “ಇಷ್ಟೊತ್ತು ನನ್ನ ಕೈ ಲಗ್ನದಾಗೂ ಹಿಡಿದಿದ್ದಿಲ್ಲ ನೀವು,” ಎಂದು ಅವಳು ನಕ್ಕಿದ್ದಳು. ಚಾಚಾ ಬರುತ್ತಾನೆಂದು ಯಾರಿಗೆ ಗೊತ್ತಿತ್ತು? ವಿಶ್ವವಿದ್ಯಾಲಯದ ಭಾಷಣಕ್ಕೆ ಜನ ತಾವಾಗಿಯೇ ಬರುತ್ತಾರೆಂದು ಯಾರಾದರೂ ಎಣಿಸುವುದುಂಟೆ?

ಅಷ್ಟರಲ್ಲಿ ತಾಯಿ ಎದುರಿಗೆ ಕಂಡ ಸೋಫಾದ ಮೇಲೆ, ಬಿಳಿ ಹೊದಿಕೆಯ ಮೆತ್ತೆಗೆ ಆನಿಸಿಕೊಂಡು, ಬುಟ್ಟಿಯನ್ನು ಕಾಲಬುಡದಲ್ಲಿಟ್ಟು ಆರಾಮಾಗಿ ಕೂತಿದ್ದಳು. ಜೋಳದ ಹೊಲದಿಂದ ನೆಟ್ಟಗೆ ಬಸ್ಸಿಗೆ ಬಂದಿರಬೇಕು, ಸೆರಗಿನಲ್ಲಿ ರವುದಿಯ, ದಂಟಿನ ಒಣ ಎಲೆಯ, ಚೂರು ಅಂಟಿತ್ತು. ನೀಲಕಂಠ ಬಗ್ಗಿ, ಸುತ್ತ ನೋಡಿ, “ಅವ್ವ, ಅಲ್ಲಿ ಬ್ಯಾಡ. ಅದು ದೊಡ್ಡವರಿಗೆ ಇಟ್ಟದ್ದು,” ಎಂದ. “ನನಗಿಂತ ದೊಡ್ಡವರೇನೋ?” ಎಂದಳು ಅವಳು, ನಗೆಚಾಟಿಕೆಗೆ. “ವಯಸ್ಸಿಂದಲ್ಲವ್ವ.” ಅವಳು ಎದ್ದಳು. ಎದ್ದು, ತಾನು ಕೂತಿದ್ದ ಜಾಗವನ್ನು ಸೆರಗಿನಿಂದ ಒಮ್ಮೆ ಒರೆಸಿ, ಚಾಚಾನೊಡನೆ ಮೂರನೇ ಸಾಲಿಗೆ ಹೋದಳು. ಆ ಒರೆಸಿದ್ದು ನೀಲಕಂಠನ ಕಣ್ಣಿನೊಳಗೆ ಜೋಳದ ತೆನೆಯ ಸುಂಕಿನ ಧೂಳಿನಂತೆ ಕೂತುಬಿಟ್ಟಿತು. ವೇದಿಕೆಯ ಮೇಲೆ ತನ್ನ ಕುರ್ಚಿಗೆ ಹೋಗಿ, ಅಧ್ಯಕ್ಷರ ಪರಿಚಯದ ಹಾಳೆ ಎತ್ತಿಕೊಂಡು, ದಿನಾಲೂ ಓದುವಂತೆ ಓದಿದ: ‘ವಿದ್ವತ್ ಪರಂಪರೆಯ ಪ್ರತಿಷ್ಠಿತ ಮನೆತನದಲ್ಲಿ ಜನಿಸಿದ ಪ್ರೊಫೆಸರ್ ಅರುಣಕುಮಾರ ಅವರು...’ ಮೂರನೇ ಸಾಲಿನಲ್ಲಿ ಚಾಚಾ ತಾಯಿಯ ಕಿವಿಯಲ್ಲಿ ಏನೋ ಹೇಳಿ ಭುಜ ಕುಲುಕಿಸಿ ನಕ್ಕ. ನೀಲಕಂಠನಿಗೆ ಗೊತ್ತಿತ್ತು ಏನೆಂದು. ಬೇವಿನ ಗಿಡದ ಕೆಳಗೆಯೇ ಚಾಚಾ ಕೇಳಿದ್ದ: “ನಿಮ್ಮ ಸಾಹೇಬ ಕೋಟನೂರ ದನದ ಯಂಕಪ್ಪನ ಮಗ ಅಲ್ಲೇನು? ಏನ್ ಕೈ ಅಪ್ಪಾ ಅವಂದು! ಇಡೀ ಜಿಲ್ಲಾದಾಗ ಅಂಥಾ ದಲ್ಲಾಳಿ ಇದ್ದಿದ್ದಿಲ್ಲ. ಹುಡುಗನ್ನೂ ಸಂತಿಗೆ ಕರಕೊಂಡು ಬರತಿದ್ದ, ಮುಂದ ನಿಲ್ಲಿಸಿಕೊಂಡು ಟವೆಲ್ಲಿನಾಗ ಅವನ ಕೈನೂ ಇಡಸ್ತಿದ್ದ.”

ಅತಿಥಿ ದಕ್ಷಿಣದ ಕಡೆಯಿಂದ ಬಂದ ದೊಡ್ಡ ವಿದ್ವಾಂಸರು. ಅರುಣಕುಮಾರರ ಹೆಸರು ಮೇಲಿನ ಒಂದು ಹುದ್ದೆಗೆ ಓಡಾಡುತ್ತಿತ್ತು, ಅದನ್ನು ಓಡಿಸುವ ಸಮಿತಿಯಲ್ಲಿ ಈ ಅತಿಥಿ ಇದ್ದರು. ವಿಷಯ ‘ಗ್ರಾಮಲೋಕದ ಮೌನ’. ಮೌನದ ಬಗ್ಗೆ ಅವರು ನಿಲ್ಲದೆ ಮಾತಾಡಿದರು. ಹಳ್ಳಿಗ ಮಾತಿಲ್ಲದವನು, ಅವನ ಪರವಾಗಿ ನಾವು ಮಾತಾಡಬೇಕಾಗಿದೆ ಎಂದು ಅವರು ಹೇಳುವಾಗ ಚಾಚಾ ದೊಡ್ಡದಾಗಿ ಆಕಳಿಸಿ, ಬೆರಳ ನೆಟಿಗೆ ಒಂದೊಂದಾಗಿ ಮುರಿದುಕೊಂಡ. ತಾಯಿ ಮಾತ್ರ ನೀಲಕಂಠನನ್ನೇ ನೋಡುತ್ತಿದ್ದಳು, ನಿಂದು ಯಾವಾಗ ಎನ್ನುವಂತೆ. ಹನ್ನೆರಡಾಯಿತು. ಒಂದಾಯಿತು. ಹಿಂದಿನ ಬಾಗಿಲಿನಿಂದ, ಭಜಿ ಕರಿಯುವ ಮಕ್ಸೂದನ ಕಡಾಯಿಯ ವಾಸನೆ ಒಳಗೆ ಬಂದು ಹಿಂದಿನ ಎರಡು ಸಾಲುಗಳನ್ನು ಎಬ್ಬಿಸಿಕೊಂಡು ಹೋಯಿತು. ಮಾತು ಬೇಗ ಮುಗಿಯಲಿ ಎಂದು ನೀಲಕಂಠ ಹಾರೈಸಿದ. ಮುಗಿಯದಿರಲಿ ಎಂದೂ ಹಾರೈಸಿದ. ಇಪ್ಪತ್ತು ನಿಮಿಷ ಸಿಕ್ಕರೆ ಚಾಚಾನ ಎದುರಿಗೆ, ಗೋಡೆಯಷ್ಟು ಅಗಲದ ಪರದೆಯ ಮೇಲೆ, ಬಾಣದ ಗುರುತುಗಳೊಂದಿಗೆ ಟವೆಲ್ಲು ತೆಗೆಯಬೇಕು. ಸಿಗದಿದ್ದರೆ ರವುದಿ ಅಂಟಿದ ಸೆರಗು ಬರಿದೇ ವಾಪಸು ಹೋಗಬೇಕು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರುತ್ತಿದ್ದೇನೆ ಎಂದು ಅವನು ತನ್ನೊಳಗೆ ಹುಡುಕುತ್ತಿರುವಾಗ ಅವನ ಎಡಗೈಯನ್ನು ಯಾರೋ ಹಿಡಿದರು.

ಸನ್ಮಾನದ ಶಾಲು ಅರುಣಕುಮಾರರ ತೊಡೆಯ ಮೇಲೆ ಬಿಡಿಸಿಟ್ಟು ಸಿದ್ಧವಾಗಿತ್ತು, ಅದರ ಅರ್ಧ ನೀಲಕಂಠನ ಮೊಣಕಾಲ ಮೇಲೂ ಹರಡಿತ್ತು. ಕೈ ಬಂದದ್ದು ಅದರ ಕೆಳಗಿನಿಂದ. ಮೊದಲು ಆಕಸ್ಮಿಕವೆಂದುಕೊಂಡ. ಆದರೆ ಆ ಕೈ ಅವನ ಐದೂ ಬೆರಳುಗಳನ್ನು ಒಟ್ಟಿಗೆ ಕೂಡಿಸಿ ಒಂದು ಸಲ, ಒಂದೇ ಸಲ, ಒತ್ತಿತು. ಐದು. ಐದು ನಿಮಿಷ, ಚಾಚಾ ಕಲಿಸಿದ ಅದೇ ಗುರುತು. ಅರುಣಕುಮಾರರ ಮುಖ ಅತಿಥಿಯತ್ತ ತಿರುಗಿ, ಅಹುದಹುದೆಂದು ತೂಗುತ್ತ, ಗ್ರಾಮಲೋಕದ ಮೌನಕ್ಕೆ ಮನಸೋತಿತ್ತು. ಇಪ್ಪತ್ತು ಎಂದು ಒಪ್ಪಿದ್ದಿರಲ್ಲ ಎಂದು ನೀಲಕಂಠನ ಬೆರಳು ಹೇಳಿತು. ಅವರ ಬೆರಳು ಅದನ್ನು ಉಗುರಿನಿಂದ ಪಕ್ಕಕ್ಕೆ ನೂಕಿತು. ಹತ್ತು ಎಂದ. ಹೆಬ್ಬೆರಳು ಅವನ ಅಂಗೈಯನ್ನು ಸುಮ್ಮನೆ ಒಮ್ಮೆ ಉಜ್ಜಿತು, ಹಲ್ಲು ನೋಡಿ ಎತ್ತಿಗೆ ವಯಸ್ಸಾಗಿದೆ ಎನ್ನುವವರ ಹಾಗೆ. ಏಳು ಎಂದ. ಮತ್ತೆ ಐದು. ಎಂಥ ಕೈ! ಗಟ್ಟಿಯಲ್ಲ, ಮೆತ್ತಗೂ ಅಲ್ಲ, ಬಿಡುವುದೂ ಇಲ್ಲ, ನೋಯಿಸುವುದೂ ಇಲ್ಲ. ತಾನು ಬಾಣದ ಗುರುತು ಹಾಕಿ ಇಡೀ ರಾತ್ರಿ ಜೋಡಿಸಿದ ಉಪನ್ಯಾಸ ಈಗ ತನ್ನದೇ ಕೈಯಲ್ಲಿ ನಡೆಯುತ್ತಿದೆ ಎಂದು ಅವನಿಗೆ ನಗೆ ಬಂತು. ಜೊತೆಗೇ ಇನ್ನೊಂದು ತಿಳಿಯಿತು: ಆ ಕೈ ಬೆವರಿತ್ತು. ಸಣ್ಣಗೆ ನಡುಗುತ್ತಲೂ ಇತ್ತು. ಅತಿಥಿಗೆ ರೈಲಿತ್ತು, ರೈಲಿಗೆ ಮೊದಲು ಊಟವಿತ್ತು, ಊಟದಲ್ಲಿ ಅರುಣಕುಮಾರರ ಗರಜಿತ್ತು. “ಐದರಾಗ ಮುಗಸ್ರಿ,” ಎಂದು ತುಟಿ ಅಲುಗಿಸದೆ ಅವರು ಪಿಸುಗುಟ್ಟಿದರು. “ವಂದನಾರ್ಪಣೆನೂ ಅದರಾಗ.” ನೀಲಕಂಠ ಇನ್ನೂ ಯೋಚಿಸುತ್ತಿರುವಾಗಲೇ ಅವನ ಕೈ, ಹನ್ನೊಂದು ವರ್ಷ ಹೌದು ಎಂದು ಪಳಗಿದ ಕೈ, ಕಡೆಯ ಒತ್ತು ಕೊಟ್ಟುಬಿಟ್ಟಿತು. ಅವರು ಕೈ ಬಿಟ್ಟರು. ವ್ಯಾಪಾರ ಮುಗಿಯಿತು. ಮೂರನೇ ಸಾಲಿನಲ್ಲಿ ಚಾಚಾ ಈಗ ಆಕಳಿಸುತ್ತಿರಲಿಲ್ಲ. ಅವನ ಕಣ್ಣು ಶಾಲಿನ ಮೇಲಿತ್ತು.

ಮೈಕಿನ ಮುಂದೆ ನಿಂತಾಗ ಐದು ನಿಮಿಷವನ್ನು ಹೇಗೆ ಸೀಳಬೇಕೆಂದು ನೀಲಕಂಠ ಯೋಚಿಸಿದ್ದ: ಮೊದಲು ವಿಷಯ, ಕೊನೆಗೆ ಒಂದು ಸಾಲು ವಂದನೆ. ಬಾಯಿ ಕೇಳಲಿಲ್ಲ. ಮನೆಯ ದಾರಿ ಗೊತ್ತಿರುವ ಎತ್ತು ಒಡೆಯ ಮಲಗಿದ್ದರೂ ಬಂಡಿ ಎಳೆದುಕೊಂಡು ಹೋಗುವಂತೆ ಅದು ಹೊರಟಿತು. ವೇದಿಕೆಯ ಮೇಲೆ ಆಸೀನರಾಗಿರುವ ಎಂದಿತು, ನಮ್ಮೆಲ್ಲರ ಕಣ್ಣು ತೆರೆಸಿದ ಎಂದಿತು. ಬಾರದ ಕುಲಪತಿಗಳಿಗೆ, ಬಂದು ಹೋದ ಕುಲಸಚಿವರಿಗೆ, ಹಣಕಾಸು ಶಾಖೆಗೆ, ಇರದ ಪತ್ರಕರ್ತ ಮಿತ್ರರಿಗೆ, ಮೈಕಿನವರಿಗೆ, ಸುಸಲಾ ಮಾಡಿದ ಮಕ್ಸೂದ್ ಅವರಿಗೆ ಹೃತ್ಪೂರ್ವಕ ಎಂದಿತು. ತಾಯಿ ಪ್ರತಿ ಹೆಸರಿಗೂ ಗೋಣು ಹಾಕುತ್ತಿದ್ದಳು. ಇದೇ ಭಾಷಣವೆಂದು ಅವಳು ತಿಳಿದಿದ್ದಾಳೆ ಎಂಬುದು ಹೊಳೆದಾಗ ನೀಲಕಂಠನೊಳಗೆ, ಎಲ್ಲಿಂದಲೋ, ಅಳುವಿನ ಬದಲು ಒಂದು ತುಂಟತನ ನುಗ್ಗಿ ಬಂತು. “ಕೊನೆಯದಾಗಿ,” ಎಂದ. “ಈ ವೇದಿಕೆಯ ಮೇಲೆ ಈಗತಾನೆ, ತಾವೆಲ್ಲರೂ ನೋಡುತ್ತಿರುವಾಗಲೇ, ಒಂದು ವ್ಯಾಪಾರ ಚೊಕ್ಕಟವಾಗಿ ಮುಗಿಯಿತು. ಅಂಥ ಕೈಯನ್ನು ನಮ್ಮ ಮಾನ್ಯ ಅಧ್ಯಕ್ಷರಿಗೆ ಕೊಟ್ಟುಹೋದ ಅವರ ತಂದೆ, ಕೋಟನೂರಿನ ಹೆಸರಾಂತ ದನದ ದಲ್ಲಾಳಿ, ದಿವಂಗತ ಯಂಕಪ್ಪನವರಿಗೆ ಹೃತ್ಪೂರ್ವಕ ವಂದನೆಗಳು.”

ಫ್ಯಾನುಗಳು ತಿರುಗುತ್ತಿದ್ದವು. ಅತಿಥಿ ಮುಗುಳ್ನಗೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಕೂತಿದ್ದರು. “ವಾಹ್ ರೇ ಯಂಕಪ್ಪಾ!” ಎಂದು ಮೂರನೇ ಸಾಲಿನಿಂದ ಚಾಚಾ ಕೂಗಿ ಚಪ್ಪಾಳೆ ತಟ್ಟಿದ. ಎಲ್ಲದಕ್ಕೂ ಚಪ್ಪಾಳೆ ತಟ್ಟುವ ಹುಡುಗರು, ಕಾರ್ಯಕ್ರಮ ಮುಗಿಯಿತೆಂಬ ಖುಷಿಗೆ, ವಾರದಲ್ಲೇ ಜೋರಾಗಿ ತಟ್ಟಿದರು. ಅರುಣಕುಮಾರರ ಕಿವಿಗಳು ಕಮಲಾಪುರದ ಬಾಳೆಯ ಬಣ್ಣಕ್ಕೆ ತಿರುಗಿದ್ದವು. ನೀಲಕಂಠ ನಗುತ್ತಲೇ ಕುರ್ಚಿಗೆ ಮರಳಿದ, ಕೂತ ಮೇಲೆ ನಗೆ ಉಳಿಯಲಿಲ್ಲ. ಪೆನ್‌ಡ್ರೈವ್ ಜೇಬಿನಲ್ಲೇ ಇತ್ತು. ಆದರೂ ಟವೆಲ್ಲು ತೆಗೆದಾಗಿತ್ತು. ಬೆರಳುಗಳ ಮೇಲಿನದಲ್ಲ, ಒಬ್ಬ ಮನುಷ್ಯನ ಗರಜಿನ ಮೇಲಿನದು.

ಅತಿಥಿಯನ್ನು ಕಾರಿಗೆ ಹತ್ತಿಸಿ ಅರುಣಕುಮಾರ ಒಬ್ಬರೇ ತಿರುಗಿ ಬಂದರು. ಬೈಗುಳಕ್ಕೆ ನೀಲಕಂಠ ಮುಖ ಸಿದ್ಧಮಾಡಿಕೊಂಡು ನಿಂತ. ಅವರು ಅವನನ್ನು ದಾಟಿ, ಸುಸಲಾದ ತಟ್ಟೆ ಹಿಡಿದಿದ್ದ ಚಾಚಾನ ಮುಂದೆ ಹೋಗಿ ನಿಂತರು. “ನೀವು ನಮ್ಮಪ್ಪನ ಜೋಡಿ ಕೆಲಸ ಮಾಡೀರೇನು?” ಎಂದರು. ಅಷ್ಟು ವರ್ಷದಲ್ಲಿ ಅವರ ಬಾಯಿಂದ ‘ನಮ್ಮಪ್ಪ’ ಎಂಬುದನ್ನು ನೀಲಕಂಠ ಕೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ‘ನಮ್ಮ ಪೂಜ್ಯ ತೀರ್ಥರೂಪರು’ ಇದ್ದರು.

“ಕೆಲಸ? ಜಗಳ ಮಾಡೀನಿ!” ಎಂದ ಚಾಚಾ. ತಟ್ಟೆಯನ್ನು ತಾಯಿಯ ಕೈಗೆ ಕೊಟ್ಟು, ಅಂಗಿಗೆ ಕೈ ಒರೆಸಿಕೊಂಡು, ಹೆಗಲ ಹೊಸ ಟವೆಲ್ಲು ತೆಗೆದು ಪ್ರೊಫೆಸರರ ಕೈಯ ಮೇಲೆ ಹಾಕಿದ. ಕಾರಿಡಾರಿನಲ್ಲಿ, ಹೋಗುವ ಬರುವ ಹುಡುಗರ ನಡುವೆ, ಇಬ್ಬರೂ ಹಾಗೇ ನಿಂತರು. ಚಾಚಾ ಬಿಸಿಲಿನ ಮಾತಾಡುತ್ತಿದ್ದ. ಅರುಣಕುಮಾರ ಹೂಂಗುಟ್ಟುತ್ತಿದ್ದರು. ಒಂದು ಸಲ ಮಾತ್ರ ಅವರು ತಟ್ಟನೆ ತಲೆ ಎತ್ತಿ ಮುದುಕನ ಮುಖ ನೋಡಿದರು, ಸಂತೆಯಲ್ಲಿ ಕಳೆದುಹೋಗಿ ಮತ್ತೆ ಸಿಕ್ಕವರ ಹಾಗೆ. ಆಮೇಲೆ ಕೈ ಬಿಡಿಸಿಕೊಂಡು, ಕನ್ನಡಕ ಸರಿಪಡಿಸಿಕೊಂಡು ನೀಲಕಂಠನ ಹತ್ತಿರ ಬಂದು, “ವಂದನಾರ್ಪಣೆ ಸ್ವಲ್ಪ ಉದ್ದ ಆತು,” ಎಂದರು. “ಬ್ಯಾನರ್ ಇಳಿಸಿ ಹೋಗ್ರಿ.”

ಸೇಡಂ ರಸ್ತೆಯುದ್ದಕ್ಕೂ ಆಟೊದಲ್ಲಿ ಚಾಚಾ ಹಾಡು ಗುನುಗುತ್ತ ಬಂದ. ಏನು ಮಾತಾಡಿದಿರಿ ಎಂದು ನೀಲಕಂಠ ಕೇಳಿದ್ದಕ್ಕೆ, “ಟವೆಲ್ಲಿನ ಕೆಳಗಿಂದು ಕೇಳತಾರೇನೋ?” ಎಂದು ತೊಡೆಯ ಮೇಲೆ ಬಡಿದ. “ಆದ್ರ ನೀ ಶಾಣ್ಯಾ ಇದ್ದಿ. ಅಷ್ಟು ಜನರ ಮುಂದ ನಿಂತಿ, ಒಂದು ಗುರುತೂ ಹೇಳಲಿಲ್ಲ. ಟವೆಲ್ ತೆಗೀಲೇ ಇಲ್ಲ. ಮಾತು ಉಳಿಸಿಕೊಂಡಿ ನೋಡು, ಶಾಬಾಸ್.” ನೀಲಕಂಠ ಹೊರಗೆ ನೋಡಿದ. ಆಸ್ಪತ್ರೆಗಳ ಬೋರ್ಡುಗಳು ಒಂದರ ಹಿಂದೊಂದು ಸರಿಯುತ್ತಿದ್ದವು. ವೇಳೆ ಸಿಗದಿದ್ದಕ್ಕೆ ಸಿಕ್ಕ ಶಾಬಾಸು, ಬೇರೆಯವರ ಅಂಗಿ ತೊಟ್ಟಂತೆ ಬಗಲಲ್ಲಿ ಹಿಡಿಯುತ್ತಿತ್ತು. ತಾಯಿ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಸನ್ಮಾನದ ಜೊತೆ ಕೊಟ್ಟ ಅದನ್ನು ಅತಿಥಿ ಸೋಫಾದ ಹಿಂದೆ ಬಿಟ್ಟುಹೋಗಿದ್ದರು. ಅವಳೇ ಹುಡುಕಿ ಎತ್ತಿಕೊಂಡು ಬಂದಿದ್ದಳು. “ಒಯ್ಯಲಿಲ್ಲ, ಚಲೋ ಆತು,” ಎಂದಳು. “ಇನ್ನಾ ಕಾಯಿ ಅದಾವು. ರೈಲಿನಾಗ ಬಾಯಾಗ ಹಾಕ್ಕೊಂಡಿದ್ರ ನಮ್ಮೂರ ಹೆಸರು ಕೆಡತಿತ್ತು.”

ನಿಲ್ದಾಣದಲ್ಲಿ ಕಮಲಾಪುರದ ಮೇಲೆ ಹೋಗುವ ಹುಮನಾಬಾದಿನ ಬಸ್ಸು ನಿಂತಿತ್ತು. ಚಾಚಾ ಮೊದಲು ಹತ್ತಿ ಜಾಗ ಹಿಡಿದ. ತಾಯಿ ಕಿಟಕಿಯ ಬದಿಗೆ ಕೂತು, ಸೆರಗಿನ ರವುದಿಯನ್ನು ಈಗ ಕಂಡವಳಂತೆ ಹೆಕ್ಕಿ ಹೊರಗೆ ಚೆಲ್ಲಿದಳು. “ಪಾಳಿ ಚಲೋ ಹಿಡದಿ,” ಎಂದಳು. “ಎಲ್ಲಾರ ಹೆಸರೂ ತಗೊಂಡಿ. ಮೈಕಿನಂವಂದು, ಸುಸಲಾ ಮಾಡಿದಂವಂದು, ಸತ್ತ ಯಂಕಪ್ಪಂದು ಸುದ್ದಾ. ಬಾಳಿಹಣ್ಣು ತಂದಾಕಿದು ಒಂದು ಬಿಟ್ಟಿ ನೋಡು.” ಹೇಳಿ ನಕ್ಕಳು, ಹಲ್ಲಿಲ್ಲದ ಕಡೆ ಕೈ ಅಡ್ಡ ಹಿಡಿದು.

ನೀಲಕಂಠ ಬಾಯಿ ತೆರೆದ. ‘ಹೃತ್ಪೂರ್ವಕ’ ನಾಲಿಗೆಯ ತುದಿಯವರೆಗೆ ಬಂದು, ಅವಳ ಮುಖ ನೋಡಿ, ನಾಚಿ ಹಿಂದೆ ಸರಿಯಿತು. ಇನ್ನೊಂದು ಮಾತು ಬೇಕಿತ್ತು, ಇಷ್ಟು ವರ್ಷದಲ್ಲಿ ಅಂಥದೊಂದನ್ನು ಅವನು ಎಲ್ಲಿಯೂ ತೆಗೆದಿಟ್ಟುಕೊಂಡಿರಲಿಲ್ಲ. ಸೋಫಾದ ಮಾತು ಎತ್ತಬೇಕೆಂದುಕೊಂಡ. ಕಂಡಕ್ಟರ್ ಸೀಟಿ ಊದಿದ. ಅವಳು ಬುಟ್ಟಿಯಿಂದ ಒಂದು ಬಾಳೆ ತೆಗೆದು, ಕಿಟಕಿಯಿಂದ ಕೈ ಚಾಚಿ ಅವನ ಅಂಗೈಯಲ್ಲಿಟ್ಟು, ಅವನ ಐದೂ ಬೆರಳುಗಳನ್ನು ಅದರ ಸುತ್ತ ಮಡಿಸಿ ಒಮ್ಮೆ ಒತ್ತಿದಳು. ಪಕ್ಕದಲ್ಲಿದ್ದ ಚಾಚಾ, ಬೇರೆಯವರ ಕೈ ನೋಡಬಾರದೆಂಬಂತೆ, ಮುಖವನ್ನು ಆ ಕಡೆಗೆ ತಿರುಗಿಸಿಕೊಂಡ.

“ಅವ್ವಾ,” ಎಂದ ನೀಲಕಂಠ, ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ.

“ಈಗ ತಿನ್ನಬ್ಯಾಡೋ,” ಎಂದು ಅವಳು ಸದ್ದಿನ ಮೇಲೆ ಕೂಗಿದಳು. “ಕಾಯಿ ಐತಿ. ಅರಿವಿ ಮುಚ್ಚಿ ಇಡು. ಹಣ್ಣಾಗತದ.”